ಅಪ್ಪನ ಪಾಸ್‌ಬುಕ್ ಈಗ ಯಾರ್ಯಾರ ಕೈಯಲ್ಲಿದೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳ್ತಿರೋ ಗೆಳೆಯರಿಗೂ, ಇಲ್ಲಿಂದ ಕೆಲಸಕ್ಕಂತ ಪುಣೆ, ಬೆಂಗಳೂರು ಸೇರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗೆಳೆಯರಿಗೂ ಸ್ವಾಗತ. ಇವತ್ತಿನ ವಿಷಯ ರೊಕ್ಕದ್ದೇ. ಆದರೆ ಎಲ್ಲಿ ಹೂಡಬೇಕು, ಎಷ್ಟು ಉಳಿಸಬೇಕು ಅನ್ನೋದಲ್ಲ. ನಿಮ್ಮ ಖರ್ಚಿನ ಲೆಕ್ಕ ನಾವು ಬರೆದುಕೊಡ್ತೀವಿ ಅನ್ನೋ ಆ್ಯಪ್‌ಗಳು ನಮ್ಮ ಬ್ಯಾಂಕ್ ವಹಿವಾಟನ್ನೆಲ್ಲ ಎಳಕೊಂಡು ಓದ್ತಾವಲ್ಲ, ಹಂಗೆ ಓದೋಕೆ ಬಿಟ್ಟಾಗ ನಾವು ನಿಜವಾಗಿ ಏನನ್ನು ಕೊಟ್ಟಿರ್ತೀವಿ ಅನ್ನೋದು.

ಮೊದಲು ನಮ್ಮ ಮನೆಯಲ್ಲಿ ನಡೆದದ್ದು ಹೇಳಿಬಿಡ್ತೀನಿ.

ನಮ್ಮೂರು ರಾಯಬಾಗ ತಾಲೂಕಿನಲ್ಲಿ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ. ಕಬ್ಬಿನ ಬಿಲ್ ಖಾತೆಗೆ ಬಿದ್ದ ತಿಂಗಳು ರೊಕ್ಕ ಕಾಣ್ತದೆ, ಆಮೇಲೆ ಅದು ಎಲ್ಲಿ ಹೋಯ್ತು ಅನ್ನೋದು ಕಾಣೋದಿಲ್ಲ. ನಾನು ಬಿಕಾಂ ಓದಿದವನು. ಮನೆಗೊಂದು ಲೆಕ್ಕ ಇಡದಿದ್ದರೆ ಈ ಡಿಗ್ರಿ ಯಾಕೆ ಅಂತ, ಒಂದು ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಫೋನಿಗೆ ಖರ್ಚಿನ ಆ್ಯಪ್ ಒಂದನ್ನು ಹಾಕಿದೆ. ಅದು ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೇಳ್ತು. ಒತ್ತಿದೆ. ಎರಡು ನಿಮಿಷದಲ್ಲಿ ಬಣ್ಣಬಣ್ಣದ ಚಕ್ರ ತಯಾರು. ಗೊಬ್ಬರಕ್ಕೆ ಇಷ್ಟು, ಡೀಸೆಲ್‌ಗೆ ಇಷ್ಟು, ಎಲ್‌ಐಸಿಗೆ ಇಷ್ಟು, ಕರೆಂಟ್ ಬಿಲ್‌ಗೆ ಇಷ್ಟು.

ಆ ಚಕ್ರದಲ್ಲಿ ಆರೋಗ್ಯ ಅಂತ ಒಂದು ದೊಡ್ಡ ತುಂಡಿತ್ತು. ಅದನ್ನು ಒತ್ತಿ ನೋಡಿದೆ. ಶ್ರಾವಣದಿಂದೀಚೆ ಮಿರಜದ ಒಂದು ಆಸ್ಪತ್ರೆಗೆ ನಾಲ್ಕು ಸಲ, ಅದೇ ಊರಿನ ಮೆಡಿಕಲ್ ಅಂಗಡಿಗೆ ಆರು ಸಲ ರೊಕ್ಕ ಹೋಗಿದೆ. ನಾನೋ, ಆ್ಯಪ್ ಎಷ್ಟು ಚಂದ ಲೆಕ್ಕ ಮಾಡ್ತದೆ ನೋಡ್ರಿ ಅನ್ನೋ ಉಮೇದಿನಲ್ಲಿ ಅದನ್ನೆಲ್ಲ ದೊಡ್ಡ ದನಿಯಲ್ಲಿ ಓದಿಬಿಟ್ಟೆ. ಪಕ್ಕದಲ್ಲಿ ಅವ್ವ ಚಕ್ಕಲಿ ಒತ್ತುತ್ತಾ ಕೂತಿದ್ದಳು. ಅವಳ ಕೈ ನಿಂತಿತು. ಆ ತಿಂಗಳುಗಳಲ್ಲಿ ಅಪ್ಪ ಮಿರಜಕ್ಕೆ ಹೋಗಿದ್ದು ಪಂಪ್‌ಸೆಟ್ ಸಾಮಾನು ತರೋಕೆ ಅಂತ ನಾವೆಲ್ಲ ತಿಳಿದಿದ್ದೆವು.

ಅಪ್ಪ ಸಿಟ್ಟಾಗಲಿಲ್ಲ. ಇಷ್ಟೇ ಅಂದರು: "ನೀ ಕೇಳಿದ್ರ ನಾನ ಹೇಳತಿದ್ನೆಲ್ಲೋ ತಮ್ಮಾ. ಆ ಫೋನಿಗ್ಯಾಕ ಕೇಳಿದಿ?"

ವಿಷಯ ಏನಂದ್ರೆ, ಅಪ್ಪನಿಗೆ ಎದೆನೋವು ಶುರುವಾಗಿತ್ತು. ಅದೇ ಹೊತ್ತಿಗೆ ತಂಗಿಗೆ ಒಂದು ಸಂಬಂಧದ ಮಾತುಕತೆ ನಡೆದಿತ್ತು. ಹುಡುಗಿಯ ತಂದೆಗೆ ಹೃದಯದ ತೊಂದರೆ ಅಂತ ಸುದ್ದಿ ಹಬ್ಬಿದರೆ ಬೀಗರು ಏನಂತಾರೋ, ನಿಶ್ಚಯ ಆದಮೇಲೆ ಮನೆಯಲ್ಲಿ ಹೇಳೋಣ ಅಂತ ಅವರು ಒಬ್ಬರೇ ಓಡಾಡಿಕೊಂಡಿದ್ದರು. ಅವರು ಮುಚ್ಚಿಟ್ಟದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಯಾವಾಗ, ಯಾರಿಗೆ, ಹೆಂಗೆ ಹೇಳಬೇಕು ಅನ್ನೋದು ಅವರ ಹಕ್ಕಾಗಿತ್ತು. ಅದನ್ನು ಒಂದು ಚಕ್ರ ಕಿತ್ತುಕೊಂಡಿತು. ಆ ಚಕ್ರ ಬಿಡಿಸಿದವನು ನಾನು. ಈಗ ಅಪ್ಪ ಸ್ಟೆಂಟ್ ಹಾಕಿಸಿಕೊಂಡು ಆರಾಮ ಇದ್ದಾರೆ, ತಂಗಿಯ ಮದುವೆಯೂ ಆಗಿದೆ, ಅದಕ್ಕೇ ಅವರ ಒಪ್ಪಿಗೆ ಪಡೆದು ಈ ಕಥೆ ಹೇಳ್ತಿದ್ದೀನಿ.

ಗಮನಿಸಿ, ಆ ಆ್ಯಪ್ ಏನೂ ಕದಿಯಲಿಲ್ಲ. ನಾನು ಹೇಳಿದ ಕೆಲಸ ಮಾಡಿತು, ಅಷ್ಟೇ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗನಾದ ನನಗೆ ನಾಲ್ಕು ತಿಂಗಳು ಗೊತ್ತಾಗದ್ದು ಈ ಆ್ಯಪ್‌ಗೆ ಎರಡು ನಿಮಿಷದಲ್ಲಿ ಗೊತ್ತಾಯ್ತು. ಹಂಗಾದರೆ ಅದರ ಹಿಂದಿರೋ ಕಂಪನಿಗೆ ಇನ್ನೇನೇನು ಗೊತ್ತು?

ಎಸ್ಸೆಮ್ಮೆಸ್ ಬಾಗಿಲು

ಆ್ಯಪ್‌ಗೆ ಇದೆಲ್ಲ ಹೆಂಗೆ ಸಿಕ್ಕಿತು ಅನ್ನೋದನ್ನು ಮೊದಲು ನೋಡೋಣ. ಬ್ಯಾಂಕ್ ಖಾತೆಯಿಂದ ರೊಕ್ಕ ಹೋದ ಕೂಡಲೇ ಎಸ್ಸೆಮ್ಮೆಸ್ ಬರ್ತದಲ್ಲ: ಇಷ್ಟು ರೂಪಾಯಿ ಕಡಿತ, ಖಾತೆಯ ಕೊನೆಯ ನಾಲ್ಕು ಅಂಕಿ, ಯಾರಿಗೆ ಹೋಯ್ತು, ಉಳಿಕೆ ಎಷ್ಟು. ಆಂಡ್ರಾಯ್ಡ್‌ನಲ್ಲಿ ಎಸ್ಸೆಮ್ಮೆಸ್ ಓದೋ ಅನುಮತಿ ಅಂದ್ರೆ ಬ್ಯಾಂಕಿನ ಎಸ್ಸೆಮ್ಮೆಸ್‌ಗೆ ಮಾತ್ರ ಅಂತ ಇಲ್ಲ. ಇಡೀ ಇನ್‌ಬಾಕ್ಸ್ ತೆರೆದುಕೊಳ್ತದೆ. ಅದರಲ್ಲಿ ಹೆಸ್ಕಾಂ ಬಿಲ್ ಇರ್ತದೆ, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇರ್ತದೆ, ವಧು-ವರ ಸೈಟಿನ ಸಂದೇಶ ಇರ್ತದೆ, ಒಟಿಪಿನೂ ಇರ್ತದೆ. ನಾನು ಬ್ಯಾಂಕಿನದ್ದಷ್ಟೇ ಓದ್ತೀನಿ ಅಂತ ಆ್ಯಪ್ ಹೇಳಬಹುದು. ಅದು ಅದರ ಮಾತು. ಫೋನ್ ಅದಕ್ಕೆ ಬೇಲಿ ಹಾಕೋದಿಲ್ಲ.

ಐಫೋನ್‌ನಲ್ಲಿ ಬೇರೆ ಕಂಪನಿಯ ಆ್ಯಪ್ ಹಿಂಗೆ ಇನ್‌ಬಾಕ್ಸ್ ಓದೋಕೆ ದಾರಿಯೇ ಇಲ್ಲ. ಗೂಗಲ್ ಕೂಡ 2018ರ ಕೊನೆಯಲ್ಲಿ ಪ್ಲೇ ಸ್ಟೋರ್ ನಿಯಮ ಬಿಗಿ ಮಾಡಿ, ಸಿಕ್ಕ ಸಿಕ್ಕ ಆ್ಯಪ್‌ಗಳು ಎಸ್ಸೆಮ್ಮೆಸ್ ಮತ್ತು ಕಾಲ್ ಲಾಗ್ ಕೇಳೋ ಹಂಗಿಲ್ಲ ಅಂದಿತು. ಆದರೆ ಎಸ್ಸೆಮ್ಮೆಸ್ ನೋಡಿ ಹಣದ ಲೆಕ್ಕ ಇಡೋ ಆ್ಯಪ್‌ಗಳಿಗೆ ವಿನಾಯಿತಿ ಇಟ್ಟಿತು. ಅಂದ್ರೆ ನಾನು ಅಪ್ಪನ ಫೋನಿಗೆ ಹಾಕಿದ ಆ್ಯಪ್ ನಿಯಮದ ಒಳಗೇ ಇತ್ತು.

ಬರೀ ಅಂಕಿ ಅಲ್ಲ

ಬರೀ ಎರಡು ನೂರು, ಐದು ನೂರರ ಅಂಕಿ ನೋಡಿದರೆ ಏನಾಗ್ತದೆ ಅಂತ ಕೇಳೋರಿದ್ದಾರೆ. ನಾನೂ ಹಂಗೇ ಅಂದುಕೊಂಡಿದ್ದೆ. ನಿಮ್ಮದೇ ಒಂದು ತಿಂಗಳ ಸ್ಟೇಟ್‌ಮೆಂಟ್ ಅನ್ನು ಅಪರಿಚಿತನೊಬ್ಬನ ಕಣ್ಣಿನಿಂದ ಓದಿ ನೋಡಿ. ಪಗಾರ ಯಾವ ತಾರೀಕಿಗೆ ಬೀಳ್ತದೆ, ಎಷ್ಟನೇ ತಾರೀಕಿಗೆ ಖಾಲಿ ಆಗ್ತದೆ. ಎಷ್ಟು ಇಎಂಐ ಇದೆ, ಯಾವುದು ಬೌನ್ಸ್ ಆಯ್ತು. ವಾರಕ್ಕೆ ಎಷ್ಟು ದಿನ ಬಾರ್‌ಗೆ ಹೋಗ್ತೀರಿ. ಯಾವ ಮಠಕ್ಕೆ, ಗುಡಿಗೆ, ದರ್ಗಾಕ್ಕೆ ಕಾಣಿಕೆ ಕೊಡ್ತೀರಿ, ಯಾವ ಪಕ್ಷಕ್ಕೆ ದೇಣಿಗೆ ಕೊಟ್ಟಿರಿ. ರಾತ್ರಿ ಹನ್ನೊಂದಕ್ಕೆ ಯಾವ ಊರಲ್ಲಿ ಪೆಟ್ರೋಲ್ ಹಾಕಿಸಿದಿರಿ. ಬೇರೆ ಯಾವ ಕಾಗದದಲ್ಲೂ ನಿಮ್ಮ ಬಗ್ಗೆ ಇಷ್ಟು ಒಟ್ಟಿಗೆ ಸಿಗೋದಿಲ್ಲ.

ಇನ್ನೊಂದು ಮಾತು, ಇದನ್ನು ನಾವು ಮರೆತೇಬಿಡ್ತೀವಿ. ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ನೀವೊಬ್ಬರೇ ಇರೋದಿಲ್ಲ. ಯುಪಿಐ ಬಂದಮೇಲೆ ಒಂದೊಂದು ಸಾಲಿನಲ್ಲೂ ಒಬ್ಬೊಬ್ಬ ಮನುಷ್ಯನ ಹೆಸರಿರ್ತದೆ. ಎಷ್ಟೋ ಜನರ ಯುಪಿಐ ವಿಳಾಸ ಅಂದ್ರೆ ಅವರ ಫೋನ್ ನಂಬರೇ. ಅಥಣಿಯಲ್ಲಿ ಚಪ್ಪಲಿ ಮಾಡಿ ಮಾರೋ ಅಣ್ಣ ಇರ್ತಾನೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟೋ ಅತ್ತಿಗೆ ನೀವು ತಿಂಗಳಾ ಕಳಿಸೋ ಐದು ನೂರು ಇರ್ತದೆ. ಉಗಾರದ ಗೆಳೆಯನಿಂದ ಉದ್ರಿ ತಗೊಂಡಿದ್ದು ಇರ್ತದೆ. ಅವರ್ಯಾರೂ ಯಾವ ಆ್ಯಪ್‌ಗೂ ಹ್ಞೂಂ ಅಂದವರಲ್ಲ. ಅವರ ಪರವಾಗಿ ನಾವು ಹ್ಞೂಂ ಅಂದಿರ್ತೀವಿ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಅನುಮತಿ ಒತ್ತಿದ ಬೆರಳು ನನ್ನದು, ಹೊರಗೆ ಬಂದ ಗುಟ್ಟು ಅಪ್ಪನದು.

ಪಿಗ್ಮಿ ಏಜೆಂಟನಿಗೂ ಗೊತ್ತಿತ್ತಲ್ಲ?

ಈ ವಿಷಯ ಹೇಳಿದಾಗ ನನ್ನ ಗೆಳೆಯನೊಬ್ಬ ಅಂದ, "ಮೊದಲೇನು ಗುಟ್ಟಿತ್ತೇನಲೇ? ಪಿಗ್ಮಿ ಏಜೆಂಟಗ ಇಡೀ ಓಣಿ ಲೆಕ್ಕ ಗೊತ್ತಿರತಿತ್ತು." ಖರೆ. ಪಿಗ್ಮಿ ನಮ್ಮ ಕರ್ನಾಟಕದ್ದೇ ಕೊಡುಗೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಇದನ್ನು ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಂಡು ಹೋಗ್ತಿದ್ದ. ಇವತ್ತಿಗೂ ನಮ್ಮ ಊರುಗಳ ಸಂತೆಯಲ್ಲಿ, ಪಾನ್ ಅಂಗಡಿಯಲ್ಲಿ ಪಿಗ್ಮಿ ನಡೀತದೆ. ಯಾರ ವ್ಯಾಪಾರ ಇವತ್ತು ಡಲ್, ಯಾರ ಮನೆಯಲ್ಲಿ ತ್ರಾಸು, ಏಜೆಂಟನಿಗೆ ಗೊತ್ತಾಗ್ತದೆ.

ಆದರೆ ಏಜೆಂಟ್ ನಿಮ್ಮನ್ನು ಬಲ್ಲಷ್ಟೇ ನೀವೂ ಅವನನ್ನು ಬಲ್ಲಿರಿ. ಅವನ ಮನೆ ಗೊತ್ತು, ಅವನಪ್ಪ ಗೊತ್ತು. ಅವನು ಬಾಯಿಬಿಟ್ಟರೆ ಮರುದಿನ ಕಟ್ಟೆಯ ಮೇಲೆ ಕೇಳಬಹುದು. ಅವನಿಗೆ ಗೊತ್ತಿದ್ದದ್ದು ನಿಮ್ಮ ಒಂದು ಖಾತೆ ಮಾತ್ರ, ಅದೂ ಅವನ ನೆನಪಿರೋ ತನಕ. ಆ್ಯಪ್‌ಗೆ ನಿಮ್ಮ ಎಲ್ಲ ಖಾತೆ, ಎಲ್ಲ ವರ್ಷ ಗೊತ್ತಿರ್ತದೆ. ನಿಮಗೆ ಅದರ ಬಗ್ಗೆ ಏನು ಗೊತ್ತು? ಮಾಲೀಕರು ಯಾರು ಅಂತಲೂ ಗೊತ್ತಿರೋದಿಲ್ಲ. ಆ ಮಾಲೀಕರೂ ಬದಲಾಗ್ತಿರ್ತಾರೆ.

ಕಂಪನಿ ಕೈ ಬದಲಾದಾಗ

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಕೊಡ್ತೀನಿ. ಎಸ್ಸೆಮ್ಮೆಸ್ ಓದಿ ಖರ್ಚಿನ ಲೆಕ್ಕ ಇಡೋದಕ್ಕೆ ಹೆಸರಾಗಿದ್ದ ಆ್ಯಪ್ ವಾಲ್ನಟ್. 2018ರಲ್ಲಿ ಅದನ್ನು ಬೆಂಗಳೂರಿನ ಕ್ಯಾಪಿಟಲ್ ಫ್ಲೋಟ್ ಖರೀದಿ ಮಾಡಿತು. ಕ್ಯಾಪಿಟಲ್ ಫ್ಲೋಟ್ ಸಾಲ ಕೊಡೋ ಕಂಪನಿ. ಮುಂದೆ ಅದು ಆ್ಯಕ್ಸಿಯೋ ಅಂತ ಹೆಸರು ಬದಲಿಸಿಕೊಂಡಿತು. 2025ರಲ್ಲಿ ಆ್ಯಕ್ಸಿಯೋ ಅಮೆಜಾನ್ ಪಾಲಾಯಿತು. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ, ನಾನು ಹಂಗೆ ಆರೋಪಾನೂ ಮಾಡ್ತಿಲ್ಲ. ಆದರೆ 2016ರಲ್ಲಿ ಬರೀ ಲೆಕ್ಕ ಇಡೋಕೆ ಅಂತ ಆ ಆ್ಯಪ್ ಹಾಕ್ಕೊಂಡ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ. ಅವನು ಕೂತಲ್ಲೇ ಕೂತಿದ್ದಾನೆ, ಆ್ಯಪ್ ಮಾತ್ರ ಸಾಲ ಕೊಡೋರ ಮನೆಗೆ ಹೋಯ್ತು, ಅಲ್ಲಿಂದ ಜಗತ್ತಿನ ದೊಡ್ಡ ಅಂಗಡಿಯ ಮನೆಗೆ ಹೋಯ್ತು.

ಇನ್ನೊಂದು, ಪರ್ಫಿಯೋಸ್. 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ. ಹೆಸರು ಹುಟ್ಟಿದ್ದೇ ಪರ್ಸನಲ್ ಫೈನಾನ್ಸ್ ಅನ್ನೋದರಿಂದ. ನಮ್ಮಂಥವರ ಖಾತೆಗಳನ್ನೆಲ್ಲ ಒಂದೇ ಕಡೆ ತೋರಿಸೋ ಸಾಫ್ಟ್‌ವೇರ್ ಆಗಿ ಶುರುವಾಗಿತ್ತು. ಆಮೇಲೆ ಅದರ ಮುಖ್ಯ ವ್ಯಾಪಾರ ಬ್ಯಾಂಕುಗಳಿಗೆ, ಸಾಲ ಕೊಡೋ ಕಂಪನಿಗಳಿಗೆ ಅರ್ಜಿದಾರರ ಸ್ಟೇಟ್‌ಮೆಂಟ್ ವಿಶ್ಲೇಷಣೆ ಮಾಡಿಕೊಡೋದು ಆಯ್ತು. ಕಾಮರ್ಸ್ ಓದಿದವರಿಗೆ ಇದರ ಕಾರಣ ಸುಲಭ. ತಿಂಗಳಿಗೆ ನೂರು ರೂಪಾಯಿ ಕೊಟ್ಟು ಲೆಕ್ಕ ಬರೆಸೋ ಜನ ನಮ್ಮಲ್ಲಿ ಕಡಿಮೆ. ಲೆಕ್ಕ ನೋಡಿ ಸಾಲ ಕೊಡೋರು ಮಾತ್ರ ದುಡ್ಡು ಕೊಡೋಕೆ ತಯಾರಿರ್ತಾರೆ. ಹಂಗಾಗಿ ಪುಕ್ಕಟೆ ಆ್ಯಪ್ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದರ ಆಮದನಿ ಎಲ್ಲಿಂದ?

ಅಮೆರಿಕದಲ್ಲೂ ಇದೇ ಪಾಠ. ಮಿಂಟ್ ಅನ್ನೋ ಬಹಳ ಹೆಸರಾದ ಖರ್ಚಿನ ಆ್ಯಪ್ ಅನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಅದರ ಬಳಕೆದಾರರನ್ನು ಅದೇ ಮಾಲೀಕರ ಕ್ರೆಡಿಟ್ ಕರ್ಮ ಅನ್ನೋ ಇನ್ನೊಂದು ಆ್ಯಪ್‌ಗೆ ಕರೆದರು. ಆ್ಯಪ್‌ಗಳನ್ನು ಬ್ಯಾಂಕ್ ಖಾತೆಗೆ ಜೋಡಿಸೋ ಪ್ಲೈಡ್ ಕಂಪನಿಯ ಮೇಲೆ, ಬೇಕಾದ್ದಕ್ಕಿಂತ ಹೆಚ್ಚು ಮಾಹಿತಿ ತಗೊಂಡಿತು ಅಂತ ಗ್ರಾಹಕರು ದಾವೆ ಹೂಡಿದರು. ತಪ್ಪು ಒಪ್ಪಿಕೊಳ್ಳದೇ ಅದು 5.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. 2022ರಲ್ಲಿ ಕೋರ್ಟ್ ಆ ರಾಜಿಗೆ ಒಪ್ಪಿಗೆ ಕೊಟ್ಟಿತು.

ಹಂಗಂತ ಕೊಡಲೇಬಾರದಾ?

ಇಲ್ಲ, ನಾನು ಹಂಗೆ ಹೇಳೋದಿಲ್ಲ. ಚಪ್ಪಲಿ ಮಾಡೋ ಅಥಣಿಯ ಅಣ್ಣನಿಗೆ ಆದಾಯ ತೆರಿಗೆ ರಿಟರ್ನ್ ಇಲ್ಲ, ಪಗಾರ ಚೀಟಿ ಇಲ್ಲ. ಅವನ ವ್ಯಾಪಾರಕ್ಕೆ ಇರೋ ಒಂದೇ ಸಾಕ್ಷಿ ಖಾತೆಗೆ ದಿನಾ ಬೀಳೋ ಯುಪಿಐ ರೊಕ್ಕ. ಅದನ್ನು ತೋರಿಸಿ ಬ್ಯಾಂಕಿನಿಂದ ನ್ಯಾಯವಾದ ಬಡ್ಡಿಗೆ ಸಾಲ ಸಿಕ್ಕರೆ ಬಡ್ಡಿ ವ್ಯಾಪಾರಿಯ ಬಾಗಿಲು ತಪ್ಪುತ್ತದೆ. ತೋರಿಸೋಣ. ಯಾವ ಬಾಗಿಲಿನಿಂದ ತೋರಿಸ್ತೀವಿ ಅನ್ನೋದನ್ನು ಮಾತ್ರ ನೋಡಿಕೊಳ್ಳಬೇಕು.

ಬಾಗಿಲು ನಾಲ್ಕಿವೆ. ಒಂದು, ಎಸ್ಸೆಮ್ಮೆಸ್. ಅದು ಆಗಲೇ ಹೇಳಿದೆ. ಎರಡು, ಇಮೇಲ್ ತೆರೆದುಕೊಡೋದು, ಇಲ್ಲಾ ಪಿಡಿಎಫ್ ಸ್ಟೇಟ್‌ಮೆಂಟ್ ಹಾಕೋದು. ಪಿಡಿಎಫ್‌ನಲ್ಲಿ ಎಷ್ಟು ತಿಂಗಳದ್ದು ಕೊಡ್ತೀರಿ ಅನ್ನೋದು ನಿಮ್ಮ ಕೈಯಲ್ಲಿ ಇರ್ತದೆ, ಆದರೆ ಅದರೊಳಗೆ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಇರ್ತದೆ, ಕೊಟ್ಟಮೇಲೆ ವಾಪಸ್ ತಗೊಳ್ಳೋಕೆ ಆಗೋದಿಲ್ಲ. ಮೂರು, ನೆಟ್‌ಬ್ಯಾಂಕಿಂಗ್ ಯೂಸರ್ ಐಡಿ, ಪಾಸ್‌ವರ್ಡ್ ಕೊಡೋದು. ಇದು ಮನೆಯ ಕೀಲಿಕೈಯನ್ನೇ ಕೊಟ್ಟಂಗೆ. ಯಾರೇ ಕೇಳಲಿ, ಎಷ್ಟೇ ದೊಡ್ಡ ಕಂಪನಿ ಇರಲಿ, ಕೊಡಬೇಡಿ.

ನಾಲ್ಕನೆಯದು ಅಕೌಂಟ್ ಅಗ್ರಿಗೇಟರ್. ಇದರ ಬಗ್ಗೆ ಸ್ವಲ್ಪ ನಿಧಾನ ಹೇಳ್ತೀನಿ, ಯಾಕಂದ್ರೆ ಇದನ್ನು ನೀವು ಬಹುಶಃ ಬಳಸಿದ್ದೀರಿ, ಹೆಸರು ಗೊತ್ತಿಲ್ಲ ಅಷ್ಟೇ. ಆರ್‌ಬಿಐ 2016ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ನಿಯಮ ಮಾಡಿತು, 2021ರ ಸೆಪ್ಟೆಂಬರ್‌ನಲ್ಲಿ ವ್ಯವಸ್ಥೆ ಸಾರ್ವಜನಿಕವಾಗಿ ಶುರುವಾಯ್ತು. ಫಿನ್ವು, ಒನ್‌ಮನಿ, ಅನುಮತಿ ಇಂಥವು ಲೈಸೆನ್ಸ್ ಪಡೆದ ಅಗ್ರಿಗೇಟರ್‌ಗಳು. ಇವರ ಕೆಲಸ ಪೋಸ್ಟ್‌ಮನ್ ಕೆಲಸ. ನಿಮ್ಮ ಬ್ಯಾಂಕಿನಿಂದ ಲಕೋಟೆ ತಗೊಂಡು, ಕೇಳಿದ ಸಂಸ್ಥೆಗೆ ಮುಟ್ಟಿಸಬೇಕು. ಲಕೋಟೆಗೆ ಬೀಗ ಇರ್ತದೆ, ತೆರೆದು ಓದೋ ಹಂಗಿಲ್ಲ, ಇಟ್ಟುಕೊಳ್ಳೋ ಹಂಗೂ ಇಲ್ಲ. ಪಾಸ್‌ವರ್ಡ್ ಯಾರಿಗೂ ಕೊಡೋದು ಬೇಕಿಲ್ಲ. ಲಕೋಟೆ ಪಡೆಯೋ ಸಂಸ್ಥೆ ಆರ್‌ಬಿಐ, ಸೆಬಿಯಂಥ ನಿಯಂತ್ರಕರ ಅಡಿಯಲ್ಲಿ ನೋಂದಣಿ ಆಗಿರಲೇಬೇಕು.

ಎಡವೋದು ಎಲ್ಲಿ ಅಂದ್ರೆ, ಒಪ್ಪಿಗೆಯ ಪರದೆ ಬಂದಾಗ ನಾವು ಓದೋದಿಲ್ಲ. ಸೀದಾ ಕೆಳಗೆ ಹೋಗಿ ಒತ್ತಿಬಿಡ್ತೀವಿ. ಆ ಪರದೆಯಲ್ಲಿ ಐದು ವಿಷಯ ಇರ್ತವೆ. ಒಂದು, ಉದ್ದೇಶ. ಇದಕ್ಕೆ ಸಂಖ್ಯೆಗಳೂ ಇವೆ: ಖರ್ಚಿನ ಮಾದರಿ ಮತ್ತು ಬಜೆಟ್‌ಗೆ 102, ಖಾತೆಯ ಮೇಲೆ ನಿಗಾ ಇಡೋಕೆ 104, ಒಂದೇ ಸಲ ನೋಡೋಕೆ 105. ಎರಡು, ಏನು ಬೇಕು: ಬರೀ ಖಾತೆಯ ಸಾರಾಂಶವೋ, ಒಂದೊಂದು ವಹಿವಾಟೋ. ಮೂರು, ಯಾವ ತಾರೀಕಿನಿಂದ ಯಾವ ತಾರೀಕಿನ ತನಕ. ನಾಲ್ಕು, ಒಂದೇ ಸಲ ತಗೊಳ್ತಾರೋ, ಮತ್ತೆ ಮತ್ತೆ ಬರ್ತಾರೋ. ಐದು, ತಗೊಂಡದ್ದನ್ನು ಎಷ್ಟು ದಿನ ಇಟ್ಟುಕೊಳ್ತಾರೆ, ಈ ಒಪ್ಪಿಗೆ ಯಾವಾಗ ಮುಗೀತದೆ.

ಒಂದು ಉದಾಹರಣೆ. ಟೂ ವೀಲರ್ ಸಾಲಕ್ಕೆ ಅರ್ಜಿ ಹಾಕಿದ್ದೀರಿ ಅನ್ನಿ. ಆರು ತಿಂಗಳ ಸ್ಟೇಟ್‌ಮೆಂಟ್, ಒಂದೇ ಸಲ ಅಂದರೆ ನ್ಯಾಯ. ಅದೇ ಪರದೆಯಲ್ಲಿ ವಹಿವಾಟನ್ನೆಲ್ಲ ಸಾಲ ತೀರೋ ತನಕ ಮತ್ತೆ ಮತ್ತೆ ಎಳೀತೀವಿ ಅಂತ ಇದ್ದರೆ, ಆ ಗಾಡಿಯ ಜೊತೆ ನಿಮ್ಮ ಮನೆಯ ಕೀರ್ದಿ ಪುಸ್ತಕವನ್ನೂ ಒತ್ತೆ ಇಟ್ಟಂಗೆ. ಯಾಕೆ ಅಂತ ಕೇಳಿ. ಇಷ್ಟವಾಗದಿದ್ದರೆ ಸ್ಟೇಟ್‌ಮೆಂಟ್ ಕೈಯಲ್ಲೇ ಕೊಡ್ತೀನಿ ಅನ್ನಿ.

ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳಬಹುದು. ಆ ಅಗ್ರಿಗೇಟರ್ ಆ್ಯಪ್ ಇಲ್ಲಾ ಸೈಟಿಗೆ ನಿಮ್ಮ ಮೊಬೈಲ್ ನಂಬರಿನಿಂದಲೇ ಲಾಗಿನ್ ಆದರೆ, ಇದುವರೆಗೆ ಯಾರ್ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಅನ್ನೋ ಪಟ್ಟಿ ಸಿಗ್ತದೆ. ಅಲ್ಲೇ ರದ್ದು ಮಾಡೋ ಗುಂಡಿ ಇರ್ತದೆ. ನಾನು ನೋಡಿದಾಗ ನನ್ನ ಹೆಸರಲ್ಲಿ ಮೂರು ಒಪ್ಪಿಗೆ ಜೀವಂತ ಇದ್ದವು. ಅದರಲ್ಲಿ ಒಂದು, ನಾನು ತಗೊಳ್ಳದೇ ಬಿಟ್ಟ ಸಾಲದ್ದು. ಒಂದು ಮಾತು ನೆನಪಿಡಿ, ರದ್ದು ಮಾಡಿದರೆ ಮುಂದೆ ಎಳೆಯೋದು ನಿಲ್ತದೆ. ಈಗಾಗಲೇ ತಗೊಂಡು ಹೋದದ್ದು ತಾನಾಗಿ ಅಳಿಸಿಹೋಗೋದಿಲ್ಲ.

ಕಾನೂನು ನಮ್ಮ ಕಡೆ ಎಷ್ಟಿದೆ?

ಇಲ್ಲಿ ಎರಡು ಹೆಸರು ಹೇಳಬೇಕು, ಎರಡೂ ಕರ್ನಾಟಕದವು. 2004ರ ನವೆಂಬರ್‌ನಲ್ಲಿ ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಗ್ರಾಹಕ ತನ್ನ ಕಾಗದಪತ್ರ ಬ್ಯಾಂಕಿನ ಕೈಗೆ ಕೊಟ್ಟ ಮಾತ್ರಕ್ಕೆ ಅವುಗಳ ಮೇಲಿನ ಖಾಸಗಿತನ ಹೋಗೋದಿಲ್ಲ ಅಂತ. ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕ್ ತನ್ನ ಗ್ರಾಹಕರ ದಾಖಲೆಗಾಗಿ ಸರ್ಕಾರದ ಎದುರು ನಿಂತ ಪ್ರಕರಣ ಅದು. ಇನ್ನೊಂದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿಚಾರವಾಗಿ 2012ರಲ್ಲಿ ಅವರು ಹಾಕಿದ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಕಾಲಾವಕಾಶ, ಅಂದ್ರೆ 2027ರ ಮೇ. ಅದರಲ್ಲಿ ನಮ್ಮ ಗಡಿಭಾಗದವರಿಗೆ ಬಹಳ ಬೇಕಾದ ಮಾತೊಂದಿದೆ. ಒಪ್ಪಿಗೆ ಕೇಳೋ ಬರಹವನ್ನು ಇಂಗ್ಲಿಷ್‌ನಲ್ಲಿ ಇಲ್ಲಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದೋ ಅವಕಾಶ ಕೊಡಬೇಕು. ಕನ್ನಡವೂ ಅದರಲ್ಲಿದೆ, ಮರಾಠಿಯೂ ಇದೆ. ಇನ್ನೊಂದು, ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು. ನಮ್ಮ ಅವ್ವನಂಥವರಿಗೆ ಓದೋಕೆ ಬಾರದ ಭಾಷೆಯಲ್ಲಿ ಕೇಳಿದ ಒಪ್ಪಿಗೆಯನ್ನು ಒಪ್ಪಿಗೆ ಅಂತ ಹೆಂಗೆ ಕರೆಯೋದು ಹೇಳ್ರಿ?

ಸಾಲದ ಆ್ಯಪ್‌ಗಳಿಗೆ ಈಗಾಗಲೇ ಬಿಗಿ ನಿಯಮ ಇದೆ. ಆರ್‌ಬಿಐ 2022ರ ಸೆಪ್ಟೆಂಬರ್‌ನಿಂದ, ಮತ್ತೆ 2025ರ ಮೇ ತಿಂಗಳ ಹೊಸ ನಿರ್ದೇಶನಗಳಲ್ಲೂ ಹೇಳಿದೆ: ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊ-ಫೈಲ್, ಕಾಲ್ ಲಾಗ್ ಮುಟ್ಟೋ ಹಂಗಿಲ್ಲ. ಕ್ಯಾಮೆರಾ, ಲೊಕೇಶನ್ ಬೇಕಾದರೆ ಕೆವೈಸಿಗೆ ಅಂತ ಒಂದೇ ಸಲ, ಕೇಳಿಯೇ ತಗೊಳ್ಳಬೇಕು. 2025ರ ಜುಲೈನಿಂದ ಆರ್‌ಬಿಐ ವೆಬ್‌ಸೈಟಿನಲ್ಲಿ, ನಿಯಂತ್ರಣದಲ್ಲಿರೋ ಸಂಸ್ಥೆಗಳ ಜೊತೆ ಕೆಲಸ ಮಾಡೋ ಸಾಲದ ಆ್ಯಪ್‌ಗಳ ಪಟ್ಟಿಯೂ ಇದೆ. ಆದರೆ ಬರೀ ಖರ್ಚಿನ ಲೆಕ್ಕ ಇಡೋ ಆ್ಯಪ್ ಸಾಲದ ಆ್ಯಪ್ ಅಲ್ಲವಲ್ಲ, ಅದು ಈ ನಿಯಮದಡಿ ಬರೋದಿಲ್ಲ. ನಾನು ಅಪ್ಪನ ಫೋನಿನಲ್ಲಿ ಹಾಕಿದ್ದು ಅಂಥದ್ದೇ.

ಹಂಗಾದರೆ ಏನು ಮಾಡೋದು?

ಇವತ್ತು ಸಂಜೆ ಹತ್ತು ನಿಮಿಷ ತೆಗೀರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳ ಪಟ್ಟಿಗೆ ಹೋಗಿ, ಎಸ್ಸೆಮ್ಮೆಸ್ ಅನ್ನೋದನ್ನು ಒತ್ತಿ. ಯಾವ್ಯಾವ ಆ್ಯಪ್ ಓದ್ತಾ ಇದೆ ಅಂತ ಪೂರ್ತಿ ಪಟ್ಟಿ ಬರ್ತದೆ. ಗೊತ್ತಿಲ್ಲದ್ದನ್ನೆಲ್ಲ ಬಂದ್ ಮಾಡಿ.

ಆ್ಯಪ್ ಬೇಡ ಅನಿಸಿದರೆ ಬರೀ ಫೋನಿನಿಂದ ತೆಗೆದರೆ ಸಾಲದು. ನಿಮ್ಮ ಮಾಹಿತಿ ಅವರ ಸರ್ವರ್‌ನಲ್ಲಿ ಇದ್ದೇ ಇರ್ತದೆ. ಮೊದಲು ಆ್ಯಪ್ ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ತೆಗೀರಿ. ಖಾತೆ ತೆರೆಸೋ ಆ್ಯಪ್‌ಗಳು ಅದನ್ನು ಅಳಿಸೋ ದಾರಿಯನ್ನೂ ಕೊಡಬೇಕು ಅಂತ ಪ್ಲೇ ಸ್ಟೋರ್ ನಿಯಮವೇ ಇದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾವತ್ತೂ ಹಾಕಬೇಡಿ, ಅದು ಯೋಜನೆ ಹೆಸರಲ್ಲಿ ಬಂದಿರಲಿ, ಬ್ಯಾಂಕಿನ ಹೆಸರಲ್ಲಿ ಬಂದಿರಲಿ. ಮೋಸ ಆಗಿಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಕೊನೆಗೆ, ಮನೆಯವರ ಫೋನಿಗೆ ಏನಾದರೂ ಹಾಕೋ ಮುಂಚೆ ಅವರನ್ನು ಕೇಳಿ. ಊರಲ್ಲಿ ಅಪ್ಪ-ಅವ್ವನ ಫೋನ್ ಸೆಟ್ ಮಾಡಿಕೊಡೋರು ನಾವೇ. ಅವರ ಪರವಾಗಿ ಒತ್ತೋರೂ ನಾವೇ. ಈ ಆ್ಯಪ್ ನಿಮ್ಮ ಎಲ್ಲ ಮೆಸೇಜ್ ಓದ್ತದೆ, ಯಾರಿಗೆ ರೊಕ್ಕ ಕೊಟ್ಟಿರಿ ಅಂತ ನೋಡ್ತದೆ, ಹಾಕಲಾ ಅಂತ ಅವರ ಮಾತಿನಲ್ಲೇ ಕೇಳಿ. ನಾನು ಅವತ್ತು ಈ ಒಂದು ಪ್ರಶ್ನೆ ಕೇಳಿದ್ದರೆ ಅಪ್ಪ ಬೇಡ ಅಂತಿದ್ದರು. ಯಾಕೆ ಬೇಡ ಅಂತ ಕೇಳಿದ್ದರೆ, ಬಹುಶಃ ಅವ್ವನಿಗಿಂತ ಮುಂಚೆ, ಹೊರಗೆ ಕಟ್ಟೆಗೆ ಕರಕೊಂಡು ಹೋಗಿ ನನ್ನೊಬ್ಬನಿಗೇ ಹೇಳ್ತಿದ್ದರು.

ಆಮೇಲೆ ಸಾಲದ ಕರೆಗಳು ಬಂದವಾ ಅಂತ ಕೇಳ್ತೀರಿ. ಬಂದವು. ಆದರೆ ಅವು ಮೊದಲೂ ಬರ್ತಿದ್ದವು. ಈ ಆ್ಯಪ್‌ನಿಂದಲೇ ಬಂದವು ಅನ್ನೋಕೆ ನನ್ನ ಹತ್ತಿರ ಪುರಾವೆ ಇಲ್ಲ, ಹಂಗಾಗಿ ಹೇಳೋದಿಲ್ಲ. ಕೊಡದಿಂದ ನೀರು ಸೋರಿದರೆ ತೂತು ಎಲ್ಲಿದೆ ಅಂತ ಕಾಣ್ತದೆ. ಮಾಹಿತಿ ಸೋರಿದರೆ ಕಾಣೋದಿಲ್ಲ. ಆ ಕಾರಣಕ್ಕೇ ಕೊಡೋ ಮುಂಚೆ ಯೋಚನೆ ಮಾಡಬೇಕಾಗ್ತದೆ.

ನಮ್ಮ ಮನೆಯ ಲೆಕ್ಕ ಈಗ ಹೆಂಗೆ ನಡೀತಿದೆ ಅಂದ್ರೆ, ಇನ್ನೂರು ಪುಟದ ಒಂದು ನೋಟ್‌ಬುಕ್. ಅಪ್ಪ ಬರೀತಾರೆ, ನಾನು ತಿಂಗಳಿಗೊಮ್ಮೆ ಹೋದಾಗ ಕೂಡಿಸಿ ಕೊಡ್ತೀನಿ. ಹೋದ ತಿಂಗಳು ಒಂದು ಸಾಲಿನಲ್ಲಿ ಬರೀ "ಇತರೆ, ಎಂಟು ನೂರು" ಅಂತ ಇತ್ತು. ಏನದು ಅಂತ ಬಾಯಿಗೆ ಬಂತು. ಅಪ್ಪ ನನ್ನ ಮುಖ ನೋಡಿದರು. ನಾನು ಕೂಡಿಸೋದು ಮುಂದುವರಿಸಿದೆ.

ಇವತ್ತಿಗೆ ಇಷ್ಟು. ನಿಮ್ಮ ಫೋನಿನ ಪಟ್ಟಿಯಲ್ಲಿ ಎಷ್ಟು ಆ್ಯಪ್‌ಗಳು ಎಸ್ಸೆಮ್ಮೆಸ್ ಓದ್ತಿದ್ದವು ಅಂತ ನನಗೆ ತಿಳಿಸಿ. ಸಂಖ್ಯೆ ಮಾತ್ರ ಸಾಕು, ಸ್ಕ್ರೀನ್‌ಶಾಟ್ ಕಳಿಸಬೇಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.